ಲ್ಯಾಪ್‌ಟಾಪ್‌ನಲ್ಲಿ ವೈಫೈ ಆಯ್ಕೆಯೇ ಮಾಯವಾಗಿದೆಯಾ? ಕಾರ್ಡ್ ಎಲ್ಲಿ ಕೈಕೊಟ್ಟಿದೆ ಅಂತ ಪತ್ತೆ ಹಚ್ಚುವ ಬಗೆ

ವೈಫೈ ಸಿಗ್ನಲ್ ಸಿಗದಿರುವುದು ಒಂದು ತೊಂದರೆ. ವೈಫೈ ಬಟನ್ನೇ ಇಲ್ಲದಿರುವುದು ಬೇರೆಯೇ ತೊಂದರೆ. ಮೊದಲನೆಯದಕ್ಕೆ ರೂಟರ್, ಪಾಸ್‌ವರ್ಡ್, ದೂರ ಹೀಗೆ ಯಾವುದಾದರೂ ಕಾರಣವಾಗಿರಬಹುದು. ಎರಡನೆಯದಕ್ಕೂ ರೂಟರ್‌ಗೂ ಸಂಬಂಧವೇ ಇಲ್ಲ. ಅದು ಲ್ಯಾಪ್‌ಟಾಪ್ ಒಳಗಿನ ವೈಫೈ ಕಾರ್ಡಿಗೆ, ಅಂದರೆ ಸಿಗ್ನಲ್ ಹಿಡಿಯುವ ಸಣ್ಣ ಬೋರ್ಡಿಗೆ ಸಂಬಂಧಪಟ್ಟದ್ದು. ಟಾಸ್ಕ್‌ಬಾರ್ ಮೂಲೆಯಲ್ಲಿ ಗೋಳದ ಚಿಹ್ನೆ ಬಂದು ಕೂತಿರುತ್ತದೆ. ಸೆಟ್ಟಿಂಗ್ಸ್ ತೆರೆದರೆ ಎಥರ್ನೆಟ್, ವಿಪಿಎನ್, ಪ್ರಾಕ್ಸಿ ಎಲ್ಲವೂ ಇರುತ್ತವೆ, ವೈಫೈ ಸಾಲು ಮಾತ್ರ ಇರುವುದಿಲ್ಲ.

ಇಂಥ ಹೊತ್ತಿನಲ್ಲಿ ಹೆಚ್ಚಿನವರು ಮೊದಲು ಡ್ರೈವರ್ (ಕಾರ್ಡನ್ನು ನಡೆಸಲು ವಿಂಡೋಸ್‌ಗೆ ಬೇಕಾದ ಸಾಫ್ಟ್‌ವೇರ್) ಹುಡುಕಲು ಹೊರಡುತ್ತಾರೆ. ಸಿಕ್ಕ ಸಿಕ್ಕ ಕಡೆಯಿಂದ ಡೌನ್‌ಲೋಡ್ ಮಾಡುತ್ತಾರೆ, ಕೊನೆಗೆ ವಿಂಡೋಸನ್ನೇ ಫಾರ್ಮ್ಯಾಟ್ ಮಾಡುತ್ತಾರೆ. ಒಂದು ಇಡೀ ಭಾನುವಾರ ಹಾಳು. ಕಾರ್ಡ್ ಇದೆ ಅನ್ನುವುದೇ ಮದರ್‌ಬೋರ್ಡ್‌ಗೆ ಗೊತ್ತಾಗದಿದ್ದರೆ ಯಾವ ಡ್ರೈವರ್ ಹಾಕಿದರೂ ಅಷ್ಟೇ. ಹಾಗಾಗಿ ಮೊದಲು ಒಂದೇ ಒಂದು ವಿಷಯ ತಿಳಿದುಕೊಳ್ಳಬೇಕು: ಕಾರ್ಡ್ ಯಂತ್ರಕ್ಕೇ ಕಾಣುತ್ತಿಲ್ಲವಾ, ಅಥವಾ ಯಂತ್ರಕ್ಕೆ ಕಂಡರೂ ವಿಂಡೋಸ್‌ಗೆ ಅದನ್ನು ನಡೆಸಲು ಬರುತ್ತಿಲ್ಲವಾ? ಮುಂದಿನ ಎಲ್ಲ ಕೆಲಸವೂ ಈ ಉತ್ತರದ ಮೇಲೆ ನಿಂತಿದೆ.

ಮೊದಲು ಲ್ಯಾಪ್‌ಟಾಪನ್ನು ನಿಜವಾಗಿ ಆಫ್ ಮಾಡಿ

"ರೀಸ್ಟಾರ್ಟ್ ಮಾಡಿ ನೋಡಿ" ಅನ್ನುವ ಹಳೇ ಸಲಹೆ ಇದಲ್ಲ. ವಿಂಡೋಸ್ 8ರಿಂದ ಈಚೆಗೆ ಫಾಸ್ಟ್ ಸ್ಟಾರ್ಟಪ್ ಅನ್ನುವ ಸೌಲಭ್ಯ ಬಂದಿದೆ. ನೀವು ಶಟ್‌ಡೌನ್ ಒತ್ತಿದಾಗ ವಿಂಡೋಸ್ ಪೂರ್ತಿ ಮುಚ್ಚಿಕೊಳ್ಳುವುದಿಲ್ಲ. ತನ್ನ ಕರ್ನಲ್ (ಒಳಗಿನ ಮುಖ್ಯ ಭಾಗ) ಮತ್ತು ಡ್ರೈವರ್‌ಗಳ ಸ್ಥಿತಿಯನ್ನು ಡಿಸ್ಕ್‌ನಲ್ಲಿ ಬರೆದಿಟ್ಟು, ಮರುದಿನ ಅದನ್ನೇ ಎತ್ತಿಕೊಂಡು ಶುರುವಾಗುತ್ತದೆ. ನಿನ್ನೆಯ ಗೊಂದಲ ಇವತ್ತಿಗೂ ಮುಂದುವರಿಯುವುದು ಹೀಗೆ. ರೀಸ್ಟಾರ್ಟ್ ಮಾಡಿದರೆ ವಿಂಡೋಸ್ ಹೊಸದಾಗಿ ಶುರುವಾಗುತ್ತದೆ, ಸರಿ. ಆದರೆ ಆಗ ಕಾರ್ಡ್‌ಗೆ ಹೋಗುವ ಕರೆಂಟ್ ನಿಲ್ಲುವುದಿಲ್ಲ. ಕಾರ್ಡ್ ಒಳಗೇ ಓಡುವ ಸಣ್ಣ ಸಾಫ್ಟ್‌ವೇರ್, ಅಂದರೆ ಫರ್ಮ್‌ವೇರ್, ಸಿಕ್ಕಿಹಾಕಿಕೊಂಡಿದ್ದರೆ ಅದು ಹಾಗೇ ಉಳಿಯುತ್ತದೆ.

ಆದ್ದರಿಂದ ಪೂರ್ತಿ ಶಟ್‌ಡೌನ್, ಕರೆಂಟ್ ಕಡಿತ ಎರಡನ್ನೂ ಸೇರಿಸಿ ಮಾಡಿ. ಕೀಬೋರ್ಡಿನ ಶಿಫ್ಟ್ ಒತ್ತಿ ಹಿಡಿದು ಶಟ್‌ಡೌನ್ ಕ್ಲಿಕ್ ಮಾಡಿ. ಇದು ಪೂರ್ತಿ ಶಟ್‌ಡೌನ್. ಆಮೇಲೆ ಚಾರ್ಜರ್ ತೆಗೆಯಿರಿ. ಪೆನ್‌ಡ್ರೈವ್, ಮೌಸ್ ಎಲ್ಲ ಕೀಳಿರಿ. ಬ್ಯಾಟರಿ ಹೊರಗೆ ಬರುವ ಹಳೇ ಮಾದರಿಯಾದರೆ ಅದನ್ನೂ ತೆಗೆಯಿರಿ. ಈಗ ಪವರ್ ಬಟನ್ ಅನ್ನು 30 ಸೆಕೆಂಡ್ ಒತ್ತಿ ಹಿಡಿಯಿರಿ. ಬ್ಯಾಟರಿ ಒಳಗೇ ಇರುವ ಮಾದರಿಗಳಲ್ಲಿ ನಡುವೆ ಒಮ್ಮೆ ಆನ್ ಆಗಿ ಮತ್ತೆ ಆಫ್ ಆಗಬಹುದು. ಗಾಬರಿ ಬೇಡ, ಬೆರಳು ತೆಗೆಯಬೇಡಿ. ಕೆಲವು ಥಿಂಕ್‌ಪ್ಯಾಡ್‌ಗಳ ತಳದಲ್ಲಿ ಪಿನ್ ತೂರಿಸುವಷ್ಟು ಸಣ್ಣ ರಂಧ್ರ ಇರುತ್ತದೆ. ಅದು ಇದೇ ಕೆಲಸಕ್ಕೆ ಕೊಟ್ಟ ರೀಸೆಟ್ ಬಟನ್. ಒಂದು ನಿಮಿಷ ಬಿಟ್ಟು ಚಾರ್ಜರ್ ಹಾಕಿ ಆನ್ ಮಾಡಿ.

ಇದರಿಂದಲೇ ವೈಫೈ ವಾಪಸ್ ಬರುವುದು ತುಂಬಾ ಸಾಮಾನ್ಯ. ಬಂದರೂ ಖುಷಿಯಲ್ಲಿ ಅಲ್ಲಿಗೇ ನಿಲ್ಲಬೇಡಿ. ವಾರ ಬಿಟ್ಟು ಮತ್ತೆ ಮಾಯವಾಗಬಹುದು. ಕಂಟ್ರೋಲ್ ಪ್ಯಾನೆಲ್‌ನ ಪವರ್ ಆಪ್ಷನ್ಸ್‌ನಲ್ಲಿ ಪವರ್ ಬಟನ್ ಏನು ಮಾಡಬೇಕು ಅಂತ ಆರಿಸುವ ಪುಟ ಇದೆ. ಅಲ್ಲಿ ಫಾಸ್ಟ್ ಸ್ಟಾರ್ಟಪ್ ಟಿಕ್ ತೆಗೆದುಬಿಡಿ. ಎಸ್‌ಎಸ್‌ಡಿ ಇರುವ ಲ್ಯಾಪ್‌ಟಾಪ್‌ನಲ್ಲಿ ಅದಿಲ್ಲದಿದ್ದರೆ ಆಗುವ ನಷ್ಟ ಕೆಲವೇ ಸೆಕೆಂಡ್.

ಡಿವೈಸ್ ಮ್ಯಾನೇಜರ್ ಏನು ಹೇಳುತ್ತಿದೆ?

ವಾಪಸ್ ಬರಲಿಲ್ಲ ಅಂದುಕೊಳ್ಳಿ. ಸ್ಟಾರ್ಟ್ ಬಟನ್ ಮೇಲೆ ರೈಟ್ ಕ್ಲಿಕ್ ಮಾಡಿ ಡಿವೈಸ್ ಮ್ಯಾನೇಜರ್ ತೆರೆಯಿರಿ. ಮೇಲಿನ ವ್ಯೂ ಮೆನುವಿನಲ್ಲಿ ಶೋ ಹಿಡನ್ ಡಿವೈಸಸ್ ಆರಿಸಿ. ಆಮೇಲೆ ನೆಟ್‌ವರ್ಕ್ ಅಡಾಪ್ಟರ್ಸ್ ಬಿಚ್ಚಿ ನೋಡಿ.

ಅಲ್ಲಿ ವ್ಯಾನ್ ಮಿನಿಪೋರ್ಟ್ ಅಂತ ಏಳೆಂಟು ಸಾಲು ಕಾಣುತ್ತವೆ. ಅವು ವಿಂಡೋಸ್‌ನ ಒಳಗಿನ ಸಾಮಾನು, ಮುಟ್ಟಬೇಡಿ. ರಿಯಲ್‌ಟೆಕ್ ಪಿಸಿಐಇ ಜಿಬಿಇ ಅಂತ ಇರುವುದು ತಂತಿಯ ಎಥರ್ನೆಟ್. "ರಿಯಲ್‌ಟೆಕ್ ಇದೆಯಲ್ಲ, ಮತ್ಯಾಕೆ ವೈಫೈ ಬರುತ್ತಿಲ್ಲ" ಅಂತ ಜನ ಗೊಂದಲ ಮಾಡಿಕೊಳ್ಳುವುದು ಇಲ್ಲೇ. ನೀವು ಹುಡುಕಬೇಕಾದ ಹೆಸರಿನಲ್ಲಿ ವೈಫೈ, ವೈರ್‌ಲೆಸ್, ಡಬ್ಲ್ಯುಲ್ಯಾನ್ ಅಥವಾ 802.11 ಅಂತ ಇರುತ್ತದೆ.

ಈಗ ನಾಲ್ಕು ಸಾಧ್ಯತೆ.

ಕಾರ್ಡಿನ ಹೆಸರಿದೆ, ಅದರ ಮೇಲೆ ಕೆಳಮುಖದ ಸಣ್ಣ ಬಾಣ ಇದೆ. ಯಾರೋ ಆಫ್ ಮಾಡಿದ್ದಾರೆ, ಕೋಡ್ 22 ಅಂದರೆ ಇದೇ. ರೈಟ್ ಕ್ಲಿಕ್ ಮಾಡಿ ಎನೇಬಲ್ ಒತ್ತಿದರೆ ಕೆಲಸ ಮುಗಿಯಿತು.

ಹೆಸರಿದೆ, ಹಳದಿ ತ್ರಿಕೋನ ಇದೆ. ಡಬಲ್ ಕ್ಲಿಕ್ ಮಾಡಿ ಕೋಡ್ ಓದಿ. ಕೋಡ್ 10 ಅಂದರೆ ಕಾರ್ಡ್ ಕಂಡಿದೆ, ಶುರುವಾಗಲು ಒಪ್ಪುತ್ತಿಲ್ಲ. ಕೋಡ್ 43 ಅಂದರೆ ಕಾರ್ಡೇ ಏನೋ ದೋಷ ಹೇಳಿಕೊಂಡಿದ್ದರಿಂದ ವಿಂಡೋಸ್ ಅದನ್ನು ನಿಲ್ಲಿಸಿದೆ. ಎರಡಕ್ಕೂ ಮೇಲೆ ಹೇಳಿದ 30 ಸೆಕೆಂಡಿನ ಕೆಲಸವೇ ಮೊದಲ ಮದ್ದು. ಅದಾಗದಿದ್ದರೆ ಡ್ರೈವರ್.

ಹೆಸರಿಲ್ಲ, ಆದರೆ ಅದರ್ ಡಿವೈಸಸ್ ಕೆಳಗೆ ನೆಟ್‌ವರ್ಕ್ ಕಂಟ್ರೋಲರ್ ಅಂತ ಅನಾಮಧೇಯ ಸಾಲು ಇದೆ, ಕೋಡ್ 28. ಇದು ಒಳ್ಳೆಯ ಸುದ್ದಿ. ಕಾರ್ಡ್ ಗಟ್ಟಿಮುಟ್ಟಾಗಿದೆ, ಡ್ರೈವರ್ ಮಾತ್ರ ಇಲ್ಲ. ಹೊಸದಾಗಿ ವಿಂಡೋಸ್ ಹಾಕಿದ ಮೇಲೆ ಸಾಮಾನ್ಯವಾಗಿ ಕಾಣುವುದು ಇದೇ.

ಇನ್ನು ಕೊನೆಯದು: ಹೆಸರು ಮಾಸಲಾಗಿ ಕಾಣುತ್ತಿದೆ, ಕೋಡ್ 45. ಅಥವಾ ಎಲ್ಲೂ ಇಲ್ಲವೇ ಇಲ್ಲ. ಮಾಸಲು ಅಂದರೆ ಈ ಕಾರ್ಡ್ ಹಿಂದೆ ಇತ್ತು, ಈಗ ಸಿಗುತ್ತಿಲ್ಲ ಅಂತ ಅರ್ಥ. ಇವೆರಡರಲ್ಲೂ ಡ್ರೈವರ್ ಹಿಂದೆ ಓಡಬೇಡಿ. ಸೀದಾ ಕೆಳಗಿನ ಬಯಾಸ್ ಭಾಗಕ್ಕೆ ಹೋಗಿ. ಬಯಾಸ್ ಅಂದರೆ ವಿಂಡೋಸ್ ಶುರುವಾಗುವ ಮೊದಲೇ ತೆರೆಯುವ, ಮದರ್‌ಬೋರ್ಡಿನದೇ ಸೆಟ್ಟಿಂಗ್ಸ್.

ಇಲ್ಲೇ ಇನ್ನೆರಡು ಸುಳಿವು ಹಿಡಿದುಕೊಳ್ಳಿ. ಮೊದಲನೆಯದು ಬ್ಲೂಟೂತ್. ಲ್ಯಾಪ್‌ಟಾಪ್‌ಗಳಲ್ಲಿ ವೈಫೈ ಮತ್ತು ಬ್ಲೂಟೂತ್ ಸಾಮಾನ್ಯವಾಗಿ ಒಂದೇ ಕಾರ್ಡಿನಲ್ಲಿರುತ್ತವೆ, ಆದರೆ ಮದರ್‌ಬೋರ್ಡ್ ಜೊತೆ ಮಾತಾಡುವ ದಾರಿ ಬೇರೆ ಬೇರೆ. ಮಾಮೂಲಿ ಎಂ.2 (ಈಗಿನ ಲ್ಯಾಪ್‌ಟಾಪ್‌ಗಳ ಸಣ್ಣ ಸ್ಲಾಟ್) ಕಾರ್ಡಿನಲ್ಲಿ ವೈಫೈ ಪಿಸಿಐ ಎಕ್ಸ್‌ಪ್ರೆಸ್ ಮೂಲಕ, ಬ್ಲೂಟೂತ್ ಯುಎಸ್‌ಬಿ ಮೂಲಕ. ಬ್ಲೂಟೂತ್ ಇದ್ದು ವೈಫೈ ಮಾತ್ರ ಕಾಣದಿದ್ದರೆ ಕಾರ್ಡ್‌ಗೆ ಕರೆಂಟ್ ಹೋಗುತ್ತಿದೆ ಅಂತಾಯಿತು. ಎರಡೂ ಒಟ್ಟಿಗೆ ಮಾಯವಾಗಿದ್ದರೆ ಕಾರ್ಡ್ ಸಡಿಲವಾಗಿರಬೇಕು, ಬಯಾಸ್‌ನಲ್ಲಿ ಆಫ್ ಆಗಿರಬೇಕು, ಇಲ್ಲ ಕಾರ್ಡೇ ಹೋಗಿರಬೇಕು.

ಎರಡನೆಯದು ಈವೆಂಟ್ಸ್ ಟ್ಯಾಬ್. ಕಾರ್ಡಿನ ಹೆಸರು ಮಾಸಲಾಗಿ ಕಂಡರೂ ಸಾಕು, ಪ್ರಾಪರ್ಟೀಸ್ ತೆರೆದು ಈ ಟ್ಯಾಬ್ ನೋಡಿ. ಕಾರ್ಡ್ ಯಾವಾಗ ಶುರುವಾಯಿತು, ಯಾವ ಡ್ರೈವರ್ ಯಾವಾಗ ಸೇರಿತು ಅಂತ ತಾರೀಖು ಸಮೇತ ಇರುತ್ತದೆ. ತೊಂದರೆ ಶುರುವಾದ ದಿನವೇ ಹೊಸ ಡ್ರೈವರ್ ಬಂದು ಕೂತಿದ್ದರೆ ಕಳ್ಳ ಸಿಕ್ಕ ಹಾಗೆ. ಡ್ರೈವರ್ ಟ್ಯಾಬ್‌ನಲ್ಲಿ ರೋಲ್‌ಬ್ಯಾಕ್ ಒತ್ತಿ. ಯಾರೂ ಈ ಟ್ಯಾಬ್ ತೆರೆಯುವುದೇ ಇಲ್ಲ ಅನ್ನುವುದು ನನಗೆ ಯಾವಾಗಲೂ ಆಶ್ಚರ್ಯ.

ಸರಿಯಾದ ಡ್ರೈವರ್, ಅದೂ ಇಂಟರ್ನೆಟ್ ಇಲ್ಲದೆ

ವೈಫೈ ಇಲ್ಲ, ಡ್ರೈವರ್ ಡೌನ್‌ಲೋಡ್ ಮಾಡುವುದು ಹೇಗೆ? ಆಂಡ್ರಾಯ್ಡ್ ಫೋನನ್ನು ಕೇಬಲ್‌ನಿಂದ ಲ್ಯಾಪ್‌ಟಾಪ್‌ಗೆ ಸಿಕ್ಕಿಸಿ, ಫೋನಿನ ಹಾಟ್‌ಸ್ಪಾಟ್ ಸೆಟ್ಟಿಂಗ್‌ನಲ್ಲಿ ಯುಎಸ್‌ಬಿ ಟೆದರಿಂಗ್ ಆನ್ ಮಾಡಿ. ಇದಕ್ಕೆ ಬೇಕಾದ ಡ್ರೈವರ್ ವಿಂಡೋಸ್‌ನಲ್ಲೇ ಇರುತ್ತದೆ. ಫೋನ್ ಮನೆಯ ವೈಫೈಗೆ ಸೇರಿಕೊಂಡಿದ್ದರೆ ಅದೇ ಇಂಟರ್ನೆಟ್ ಲ್ಯಾಪ್‌ಟಾಪ್‌ಗೂ ಬರುತ್ತದೆ, ಮೊಬೈಲ್ ಡೇಟಾ ಖರ್ಚಾಗುವುದಿಲ್ಲ. ಟೆದರಿಂಗ್ ಬಟನ್ ಒತ್ತಲು ಬರುತ್ತಿಲ್ಲ ಅಂದರೆ ಕೇಬಲ್ ಬದಲಿಸಿ. ಬರೀ ಚಾರ್ಜ್ ಆಗುವ ಅಗ್ಗದ ಕೇಬಲ್‌ಗಳಲ್ಲಿ ಡೇಟಾ ಹೋಗುವ ತಂತಿಯೇ ಇರುವುದಿಲ್ಲ.

ಕಾರ್ಡ್ ಯಾವ ಕಂಪನಿಯದು ಅಂತ ಗೊತ್ತಿಲ್ಲದಿದ್ದರೆ ಆ ಅನಾಮಧೇಯ ಸಾಲಿನ ಪ್ರಾಪರ್ಟೀಸ್‌ನಲ್ಲಿ ಡೀಟೇಲ್ಸ್ ಟ್ಯಾಬ್‌ಗೆ ಹೋಗಿ ಹಾರ್ಡ್‌ವೇರ್ ಐಡಿಸ್ ಆರಿಸಿ. ಉದ್ದದ ಒಂದು ಸಾಲು ಬರುತ್ತದೆ. ಅದರಲ್ಲಿ ವಿಇಎನ್ ಆದಮೇಲಿನ ನಾಲ್ಕು ಅಕ್ಷರ ಕಂಪನಿಯ ಗುರುತು. 8086 ಇದ್ದರೆ ಇಂಟೆಲ್. 10ಇಸಿ ಇದ್ದರೆ ರಿಯಲ್‌ಟೆಕ್. 14ಸಿ3 ಮೀಡಿಯಾಟೆಕ್, 168ಸಿ ಕ್ವಾಲ್‌ಕಾಮ್ ಅಥೆರೋಸ್, 14ಇ4 ಬ್ರಾಡ್‌ಕಾಮ್. ಡಿಇವಿ ಆದಮೇಲಿನ ನಾಲ್ಕು ಅಕ್ಷರ ಮಾದರಿಯದು. ಆ ಎರಡನ್ನೂ ಸೇರಿಸಿ ಹುಡುಕಿದರೆ ಕಾರ್ಡಿನ ಪೂರ್ತಿ ಹೆಸರೇ ಸಿಗುತ್ತದೆ.

ಡ್ರೈವರನ್ನು ಲ್ಯಾಪ್‌ಟಾಪ್ ಕಂಪನಿಯ ಸಪೋರ್ಟ್ ಪುಟದಿಂದಲೇ ಇಳಿಸಿ. ತಳದ ಸ್ಟಿಕ್ಕರ್ ಮೇಲಿನ ಸೀರಿಯಲ್ ನಂಬರ್ ಹಾಕಿದರೆ ನಿಮ್ಮ ಮಾದರಿಯ ಪಟ್ಟಿ ಬರುತ್ತದೆ. ಡೆಲ್‌ನಲ್ಲಿ ಇದನ್ನು ಸರ್ವಿಸ್ ಟ್ಯಾಗ್ ಅನ್ನುತ್ತಾರೆ. ಇಂಟೆಲ್ ಕಾರ್ಡ್ ಆದರೆ ಇಂಟೆಲ್ ಸೈಟಿನದೂ ಪರವಾಗಿಲ್ಲ. "ಎಲ್ಲ ಡ್ರೈವರ್ ಒಂದೇ ಕ್ಲಿಕ್ಕಿನಲ್ಲಿ" ಅನ್ನುವ ಉಚಿತ ಸಾಫ್ಟ್‌ವೇರ್‌ಗಳ ಸಹವಾಸ ಬೇಡ. ಅವು ಕೇಳದಿದ್ದದ್ದನ್ನೆಲ್ಲ ತಂದು ತುಂಬುತ್ತವೆ.

ಹಳೇ ಡ್ರೈವರ್ ಕೆಟ್ಟಿದ್ದರೆ ಅನ್‌ಇನ್‌ಸ್ಟಾಲ್ ಡಿವೈಸ್ ಒತ್ತುವಾಗ ಡ್ರೈವರನ್ನೂ ತೆಗೆದುಹಾಕುವ ಟಿಕ್ ಹಾಕಿ. ಇಲ್ಲದಿದ್ದರೆ ವಿಂಡೋಸ್ ಅದೇ ಕೆಟ್ಟ ಡ್ರೈವರನ್ನು ಮತ್ತೆ ಎತ್ತಿಕೊಳ್ಳುತ್ತದೆ. ಆಮೇಲೆ ರೀಸ್ಟಾರ್ಟ್ ಮಾಡಿ ಹೊಸದನ್ನು ಹಾಕಿ. ಕೆಲಸ ಶುರುವಾದ ಮೇಲೆ ಪವರ್ ಮ್ಯಾನೇಜ್‌ಮೆಂಟ್ ಟ್ಯಾಬ್ ಇದ್ದರೆ, ವಿದ್ಯುತ್ ಉಳಿಸಲು ಈ ಸಾಧನವನ್ನು ಆಫ್ ಮಾಡಬಹುದು ಅನ್ನುವ ಟಿಕ್ ತೆಗೆಯಿರಿ. ಸ್ಲೀಪ್‌ನಿಂದ ಎದ್ದಾಗಲೆಲ್ಲ ವೈಫೈ ಕಾಣೆಯಾಗುತ್ತಿದ್ದರೆ ಇದು ಬೇಕೇ ಬೇಕು.

ಎಲ್ಲೂ ಕಾಣದಿದ್ದರೆ: ಬಯಾಸ್ ಮತ್ತು ಪೆನ್‌ಡ್ರೈವ್ ಪರೀಕ್ಷೆ

ಲ್ಯಾಪ್‌ಟಾಪ್ ಆನ್ ಮಾಡಿದ ತಕ್ಷಣ ಒಂದು ಕೀ ಒತ್ತಿ ಬಯಾಸ್‌ಗೆ ಹೋಗಬೇಕು: ಡೆಲ್, ಏಸರ್, ಆಸುಸ್‌ನಲ್ಲಿ ಸಾಮಾನ್ಯವಾಗಿ ಎಫ್2. ಎಚ್‌ಪಿಯಲ್ಲಿ ಎಫ್10. ಲೆನೊವೊದಲ್ಲಿ ಎಫ್1 ಅಥವಾ ಎಫ್2. ಆದರೆ ಅದಕ್ಕೂ ಮೊದಲು ಒಂದು ಎಚ್ಚರಿಕೆ. ವಿಂಡೋಸ್ 11 ಇರುವ ಎಷ್ಟೋ ಲ್ಯಾಪ್‌ಟಾಪ್‌ಗಳಲ್ಲಿ ನಿಮಗೆ ಗೊತ್ತಿಲ್ಲದೆಯೇ ಡಿಸ್ಕ್ ಎನ್‌ಕ್ರಿಪ್ಟ್ ಆಗಿರುತ್ತದೆ, ಅಂದರೆ ಬೀಗ ಬಿದ್ದಿರುತ್ತದೆ. ಬಯಾಸ್‌ನಲ್ಲಿ ಕೈಯಾಡಿಸಿದರೆ ಆ ಬೀಗ ತೆರೆಯುವ ಬಿಟ್‌ಲಾಕರ್ ರಿಕವರಿ ಕೀ ಕೇಳಬಹುದು. ನಿಮ್ಮ ಮೈಕ್ರೋಸಾಫ್ಟ್ ಖಾತೆಗೆ ಫೋನಿನಿಂದ ಲಾಗಿನ್ ಆಗಿ ಆ 48 ಅಂಕಿಯ ಕೀ ಇದೆಯಾ ನೋಡಿ, ಬರೆದಿಟ್ಟುಕೊಳ್ಳಿ. ವೈಫೈ ಸರಿಮಾಡಲು ಹೋಗಿ ಫೋಟೋಗಳೆಲ್ಲ ಬೀಗದ ಹಿಂದೆ ಉಳಿಯುವುದು ಬೇಡ ಅಲ್ವಾ?

ಬಯಾಸ್ ಒಳಗೆ ವೈರ್‌ಲೆಸ್, ಡಬ್ಲ್ಯುಲ್ಯಾನ್, ಆನ್‌ಬೋರ್ಡ್ ಡಿವೈಸಸ್ ಇಂಥ ಹೆಸರು ಹುಡುಕಿ. ಥಿಂಕ್‌ಪ್ಯಾಡ್‌ನಲ್ಲಿ ಅದು ಸೆಕ್ಯುರಿಟಿ ಕೆಳಗೆ ಐ/ಒ ಪೋರ್ಟ್ ಆಕ್ಸೆಸ್‌ನಲ್ಲಿ ಅಡಗಿರುತ್ತದೆ. ಆಫೀಸಿನಿಂದ ಮಾರಾಟಕ್ಕೆ ಬಂದ ಸೆಕೆಂಡ್‌ಹ್ಯಾಂಡ್ ಲ್ಯಾಪ್‌ಟಾಪ್‌ಗಳಲ್ಲಿ ಇದು ಆಫ್ ಆಗಿರುವುದುಂಟು. ಡೆಲ್‌ನ ಹಲವು ಮಾದರಿಗಳ ಮಾಹಿತಿ ಪುಟದಲ್ಲಿ ವೈಫೈ ಕಾರ್ಡಿನ ಹೆಸರೇ ಕಾಣುತ್ತದೆ. ಅಲ್ಲಿ ಹೆಸರಿದ್ದು ವಿಂಡೋಸ್‌ನಲ್ಲಿ ಇಲ್ಲದಿದ್ದರೆ ವಿಂಡೋಸ್ ಮೇಲೆ ಅನುಮಾನ ಪಡಿ. ಹಳೇ ಯಂತ್ರಗಳಲ್ಲಿ ಅಂಚಿನಲ್ಲಿ ಜಾರುವ ವೈಫೈ ಸ್ವಿಚ್ ಕೂಡ ಇರುತ್ತದೆ, ಅದನ್ನೂ ನೋಡಿ.

ಈಗ ನನಗೆ ಎಲ್ಲಕ್ಕಿಂತ ನಂಬಿಕೆಯ ಪರೀಕ್ಷೆ. 8 ಜಿಬಿಯ ಪೆನ್‌ಡ್ರೈವ್ ಒಂದನ್ನು ತೆಗೆದುಕೊಳ್ಳಿ. ಬೇರೆ ಕಂಪ್ಯೂಟರ್‌ನಲ್ಲಿ ರೂಫಸ್ ಅನ್ನುವ ಸಾಫ್ಟ್‌ವೇರ್ ಬಳಸಿ ಅದಕ್ಕೆ ಉಬುಂಟು (ಉಚಿತ ಲಿನಕ್ಸ್ ಆಪರೇಟಿಂಗ್ ಸಿಸ್ಟಂ) ಹಾಕಿ. ಪೆನ್‌ಡ್ರೈವ್‌ನಲ್ಲಿದ್ದದ್ದೆಲ್ಲ ಅಳಿಸಿಹೋಗುತ್ತದೆ, ನೆನಪಿರಲಿ. ಕೈಕೊಟ್ಟ ಲ್ಯಾಪ್‌ಟಾಪ್‌ಗೆ ಅದನ್ನು ಸಿಕ್ಕಿಸಿ, ಆನ್ ಮಾಡುವಾಗಲೇ ಬೂಟ್ ಮೆನು (ಯಾವುದರಿಂದ ಶುರುವಾಗಬೇಕು ಅನ್ನುವ ಪಟ್ಟಿ) ತೆರೆಯಿರಿ. ಡೆಲ್, ಲೆನೊವೊದಲ್ಲಿ ಎಫ್12, ಎಚ್‌ಪಿಯಲ್ಲಿ ಎಫ್9, ಆಸುಸ್‌ನಲ್ಲಿ ಎಸ್ಕೇಪ್. ಟ್ರೈ ಉಬುಂಟು ಆರಿಸಿ, ಇನ್‌ಸ್ಟಾಲ್ ಒತ್ತಬೇಡಿ. ಅಲ್ಲಿ ವೈಫೈ ಪಟ್ಟಿ ಬಂದರೆ ಕಾರ್ಡ್ ಸರಿ ಇದೆ, ಸ್ಕ್ರೂಡ್ರೈವರ್ ಪಕ್ಕಕ್ಕಿಡಿ. ಬರದಿದ್ದರೆ ಟರ್ಮಿನಲ್ ತೆರೆದು ಎಲ್‌ಎಸ್‌ಪಿಸಿಐ (lspci) ಅಂತ ಇಂಗ್ಲಿಷಿನ ಸಣ್ಣ ಅಕ್ಷರಗಳಲ್ಲಿ ಟೈಪ್ ಮಾಡಿ. ಬರುವ ಪಟ್ಟಿಯಲ್ಲಿ ನೆಟ್‌ವರ್ಕ್ ಕಂಟ್ರೋಲರ್ ಅನ್ನುವ ಸಾಲು ಇದ್ದರೆ ಮದರ್‌ಬೋರ್ಡ್‌ಗೆ ಕಾರ್ಡ್ ಕಾಣುತ್ತಿದೆ. ಅದೂ ಇಲ್ಲದಿದ್ದರೆ ತೊಂದರೆ ಹೆಚ್ಚಾಗಿ ಹಾರ್ಡ್‌ವೇರ್‌ನದು. ಸರ್ವಿಸ್‌ನವರು "ವಿಂಡೋಸ್ ಹೊಸದಾಗಿ ಹಾಕಿಸಿ, ಸರಿಹೋಗುತ್ತದೆ" ಅಂದರೆ ಈ ಪರೀಕ್ಷೆಯ ಫೋಟೋ ತೋರಿಸಿ.

ತಳ ಬಿಚ್ಚುವ ಕೆಲಸ

ವಾರಂಟಿ ಇದ್ದರೆ ಬಿಚ್ಚಬೇಡಿ, ಕಂಪನಿಗೆ ಕೊಡಿ. ಅದು ಮುಗಿದಿದ್ದರೆ ಮುಂದೆ ಓದಿ. ಇನ್ನೊಂದು ಮಾತು. ತೀರಾ ತೆಳುವಾದ ಕೆಲವು ಲ್ಯಾಪ್‌ಟಾಪ್‌ಗಳಲ್ಲಿ ವೈಫೈ ಚಿಪ್ಪನ್ನು ಬೋರ್ಡಿಗೇ ಬೆಸುಗೆ ಹಾಕಿರುತ್ತಾರೆ. ನಿಮ್ಮ ಮಾದರಿಯ ಸರ್ವಿಸ್ ಮ್ಯಾನ್ಯುಯಲ್‌ನಲ್ಲಿ ವೈಫೈ ಕಾರ್ಡ್ ತೆಗೆಯುವ ಚಿತ್ರ ಇದೆಯಾ ಅಂತ ಮೊದಲು ನೋಡಿ.

ಬೇಕಾದ್ದು ಸಣ್ಣ ಸ್ಟಾರ್ ಸ್ಕ್ರೂಡ್ರೈವರ್, ಹಳೇ ಎಟಿಎಂ ಕಾರ್ಡ್, ಸ್ಕ್ರೂ ಇಡಲು ಒಂದು ಬಟ್ಟಲು. ಯಂತ್ರ ಪೂರ್ತಿ ಆಫ್ ಆಗಿರಲಿ, ಚಾರ್ಜರ್ ಹೊರಗಿರಲಿ. ಕೆಲವು ಸ್ಕ್ರೂಗಳು ರಬ್ಬರ್ ಕಾಲಿನ ಕೆಳಗೆ ಅಡಗಿರುತ್ತವೆ. ಸ್ಕ್ರೂಗಳ ಉದ್ದ ಒಂದೇ ಇರುವುದಿಲ್ಲ, ಹಾಗಾಗಿ ಎಲ್ಲಿಂದ ತೆಗೆದಿರೋ ಅದೇ ಜಾಗದ ಆಕಾರದಲ್ಲಿ ಜೋಡಿಸಿಟ್ಟುಕೊಳ್ಳಿ. ಉದ್ದದ ಸ್ಕ್ರೂ ತಪ್ಪು ಜಾಗಕ್ಕೆ ಹೋದರೆ ಕೀಬೋರ್ಡ್ ಕಡೆಯಿಂದ ಉಬ್ಬಿ ಬರುತ್ತದೆ. ಎಟಿಎಂ ಕಾರ್ಡನ್ನು ಅಂಚಿನಲ್ಲಿ ತೂರಿಸಿ ನಿಧಾನವಾಗಿ ತಳ ಬಿಡಿಸಿ. ತೆರೆದ ತಕ್ಷಣ ಮಾಡಬೇಕಾದ ಮೊದಲ ಕೆಲಸ ಬ್ಯಾಟರಿಯ ಕನೆಕ್ಟರ್ ಕೀಳುವುದು. ಆಮೇಲೆ ಯಾವುದಾದರೂ ಲೋಹದ ವಸ್ತು ಮುಟ್ಟಿ ಮೈಯಲ್ಲಿನ ಸ್ಟ್ಯಾಟಿಕ್ ಕಳೆದುಕೊಳ್ಳಿ.

ವೈಫೈ ಕಾರ್ಡ್ ಸುಲಭವಾಗಿ ಕಾಣುತ್ತದೆ. ಸಾಮಾನ್ಯವಾಗಿ 22 ಮಿಲಿಮೀಟರ್ ಅಗಲ, 30 ಮಿಲಿಮೀಟರ್ ಉದ್ದ, ಒಂದೇ ಸ್ಕ್ರೂ, ಮೇಲೆ ಕಪ್ಪು ಬಿಳಿ ಎರಡು ತೆಳು ತಂತಿ. ಆ ತಂತಿಗಳು ಆಂಟೆನಾಗಳಿಗೆ ಹೋಗುತ್ತವೆ. ಅವುಗಳ ಬಗ್ಗೆ ಒಂದು ತಪ್ಪು ತಿಳಿವಳಿಕೆ ಇದೆ. ಆಂಟೆನಾ ಕಳಚಿದ್ದರೆ ಕಾರ್ಡ್ ಕಾಣುವುದಿಲ್ಲ ಅಂತ. ಹಾಗಲ್ಲ. ಆಂಟೆನಾ ಇಲ್ಲದಿದ್ದರೂ ಕಾರ್ಡ್ ಡಿವೈಸ್ ಮ್ಯಾನೇಜರ್‌ನಲ್ಲಿ ಬರುತ್ತದೆ, ಸಿಗ್ನಲ್ ಮಾತ್ರ ಸಿಗುವುದಿಲ್ಲ ಅಥವಾ ರೂಟರ್ ಪಕ್ಕದಲ್ಲಿ ಮಾತ್ರ ಸಿಗುತ್ತದೆ.

ಯಾವ ತಂತಿ ಎಲ್ಲಿತ್ತು ಅಂತ ಫೋಟೋ ತೆಗೆದುಕೊಳ್ಳಿ. ಉಗುರಿನಿಂದ ನೇರ ಮೇಲಕ್ಕೆ ಎತ್ತಿ ಬಿಡಿಸಿ, ತಂತಿ ಹಿಡಿದು ಎಳೆಯಬೇಡಿ. ಪದೇ ಪದೇ ತೆಗೆದು ಹಾಕುವುದನ್ನು ತಾಳುವ ಕೊಂಡಿ ಅದಲ್ಲ. ಸ್ಕ್ರೂ ಬಿಚ್ಚಿದರೆ ಕಾರ್ಡ್ ತಾನೇ ಓರೆಯಾಗಿ ಮೇಲೇಳುತ್ತದೆ. ಅದೇ ಓರೆಯಲ್ಲಿ ಹೊರಗೆ ಎಳೆಯಿರಿ. ಚಿನ್ನದ ಬಣ್ಣದ ಹಲ್ಲುಗಳು ಮಂಕಾಗಿದ್ದರೆ ಐಸೊಪ್ರೊಪೈಲ್ ಆಲ್ಕೋಹಾಲ್ ಹಚ್ಚಿದ ಮೆತ್ತನೆ ಬಟ್ಟೆಯಿಂದ ಒರೆಸಿ, ಒಣಗಲು ಬಿಡಿ. ಕರಾವಳಿಯ ಉಪ್ಪುಗಾಳಿಯಲ್ಲಿ, ಮಲೆನಾಡಿನ ಮಳೆಗಾಲದಲ್ಲಿ ಬಳಸಿದ ಯಂತ್ರಗಳಲ್ಲಿ ಈ ಭಾಗವನ್ನು ವಿಶೇಷವಾಗಿ ನೋಡಿ. ಪೆನ್ಸಿಲ್ ರಬ್ಬರ್‌ನಿಂದ ಉಜ್ಜುವವರೂ ಇದ್ದಾರೆ. ಕೆಲಸ ಆಗುತ್ತದೆ, ಆದರೆ ಚಿನ್ನದ ಲೇಪವೂ ಸವೆಯುತ್ತದೆ, ರಬ್ಬರ್ ಪುಡಿಯೂ ಉಳಿಯುತ್ತದೆ. ನನ್ನ ಮತ ಬೇಡ ಅಂತಲೇ.

ಮತ್ತೆ ಓರೆಯಾಗಿಯೇ ಸ್ಲಾಟ್‌ಗೆ ಪೂರ್ತಿ ತಳ್ಳಿ, ಒತ್ತಿ ಹಿಡಿದು ಸ್ಕ್ರೂ ಹಾಕಿ. ಆಂಟೆನಾ ಕೊಂಡಿಯನ್ನು ಸರಿಯಾಗಿ ಮೇಲೆ ಕೂರಿಸಿ ಬೆರಳಿನಿಂದ ಒತ್ತಿದರೆ ಸಣ್ಣ ಟಕ್ ಕೇಳುತ್ತದೆ. ಬ್ಯಾಟರಿ ಕನೆಕ್ಟರ್ ಹಾಕಿ, ತಳವನ್ನು ಸುಮ್ನೆ ಮೇಲಿಟ್ಟು ಒಮ್ಮೆ ಆನ್ ಮಾಡಿ ನೋಡಿ. ಸ್ಕ್ರೂಗಳನ್ನೆಲ್ಲ ಆಮೇಲೆ ಹಾಕಿದರಾಯಿತು. ಬ್ಯಾಟರಿ ಕಿತ್ತದ್ದರಿಂದ ಕೆಲವೊಮ್ಮೆ ಮೊದಲ ಸಲ ಚಾರ್ಜರ್ ಹಾಕಿದರೆ ಮಾತ್ರ ಆನ್ ಆಗುತ್ತದೆ.

ಲಿನಕ್ಸ್ ಬಳಸುವವರಿಗೆ

ಲಿನಕ್ಸ್‌ನಲ್ಲಿ ಕಾರ್ಡ್ ಎಲ್‌ಎಸ್‌ಪಿಸಿಐ ಪಟ್ಟಿಯಲ್ಲಿದ್ದು ವೈಫೈ ಬರದಿದ್ದರೆ ಫರ್ಮ್‌ವೇರ್ ಫೈಲ್ ಇಲ್ಲದಿರುವುದು ದೊಡ್ಡ ಕಾರಣ. ಕರ್ನಲ್ ಲಾಗ್‌ನಲ್ಲಿ ಫರ್ಮ್‌ವೇರ್ ಲೋಡ್ ಆಗಲಿಲ್ಲ ಅಂತ ಸಾಲು ಇರುತ್ತದೆ. ಡೆಬಿಯನ್ 2023ರ 12ನೇ ಆವೃತ್ತಿಯಿಂದ ಇವನ್ನು ಇನ್‌ಸ್ಟಾಲರ್ ಜೊತೆಗೇ ಕೊಡುತ್ತಿದೆ, ಹಳೆಯದರಲ್ಲಿ ಬೇರೆ ಹಾಕಬೇಕು. ಬ್ರಾಡ್‌ಕಾಮ್ ಆದರೆ ಉಬುಂಟುವಿನ ಅಡಿಷನಲ್ ಡ್ರೈವರ್ಸ್ ನೋಡಿ. ಸೆಕ್ಯೂರ್ ಬೂಟ್ ಆನ್ ಇದ್ದರೆ ರೀಸ್ಟಾರ್ಟ್ ಆದಾಗ ಒಂದು ನೀಲಿ ಪರದೆ ಬರುತ್ತದೆ. ಅಲ್ಲಿ ಎನ್‌ರೋಲ್ ಎಂಒಕೆ ಆರಿಸದೆ ಮುಂದೆ ಹೋದರೆ ಡ್ರೈವರ್ ಲೋಡ್ ಆಗುವುದಿಲ್ಲ. ಹೊಸ ಕಾರ್ಡ್, ಹಳೇ ಕರ್ನಲ್ ಆದರೂ ಇದೇ ಕಥೆ. ಇಂಟೆಲ್ ಎಎಕ್ಸ್210ಗೆ 5.10 ಅಥವಾ ಅದಕ್ಕಿಂತ ಹೊಸ ಕರ್ನಲ್ ಬೇಕು. ವಿಂಡೋಸ್ ಜೊತೆ ಡ್ಯುಯಲ್ ಬೂಟ್ ಇದ್ದರೆ ಮೇಲೆ ಹೇಳಿದ ಫಾಸ್ಟ್ ಸ್ಟಾರ್ಟಪ್ ಇಲ್ಲೂ ಕಾಟ ಕೊಡುತ್ತದೆ, ತೆಗೆದುಬಿಡಿ.

ಹೊಸ ಕಾರ್ಡ್ ಕೊಳ್ಳುವಾಗ

ಹಳೇ ಕಾರ್ಡ್ ಸತ್ತಿದ್ದರೆ ಹೊಸದು ಹಾಕುವುದು ಕಷ್ಟವಲ್ಲ. ತಪ್ಪು ಕಾರ್ಡ್ ತರುವುದು ಅದಕ್ಕಿಂತ ಸುಲಭ. ಇಂಟೆಲ್‌ನ ಎಎಕ್ಸ್201, ಎಎಕ್ಸ್211, 9560 ಇವು ಸಿಎನ್‌ವಿಐ ಕಾರ್ಡ್‌ಗಳು. ಇವುಗಳ ಅರ್ಧ ಕೆಲಸ ಇಂಟೆಲ್ ಚಿಪ್‌ಸೆಟ್ ಅಥವಾ ಪ್ರೊಸೆಸರ್ ಒಳಗೇ ನಡೆಯುತ್ತದೆ. ಎಎಂಡಿ ಲ್ಯಾಪ್‌ಟಾಪ್‌ಗೆ ಹಾಕಿದರೆ ಸ್ಲಾಟ್‌ನಲ್ಲಿ ಚೆನ್ನಾಗಿ ಕೂರುತ್ತವೆ, ವೈಫೈ ಮಾತ್ರ ಎಂದಿಗೂ ಬರುವುದಿಲ್ಲ. ಎಎಕ್ಸ್200, ಎಎಕ್ಸ್210 ಮಾಮೂಲಿ ಪಿಸಿಐ ಎಕ್ಸ್‌ಪ್ರೆಸ್ ಕಾರ್ಡ್‌ಗಳು, ಎರಡೂ ಕಡೆ ನಡೆಯುತ್ತವೆ. ಹೆಸರಿನಲ್ಲಿ ಒಂದಂಕಿ ಆಚೀಚೆ, ಅಷ್ಟೇ. ಬೆಂಗಳೂರಿನ ಎಸ್‌ಪಿ ರಸ್ತೆಯಲ್ಲಾಗಲಿ ಆನ್‌ಲೈನ್‌ನಲ್ಲಾಗಲಿ ಕೊಳ್ಳುವ ಮುಂಚೆ ಸ್ಟಿಕ್ಕರ್ ಮೇಲಿನ ಅಂಕಿ ಓದಿ. ಹಳೇ ಥಿಂಕ್‌ಪ್ಯಾಡ್‌ಗೆ ಬೇರೆ ಕಾರ್ಡ್ ಹಾಕಿದಾಗ 1802 ಅಂತ ದೋಷ ತೋರಿಸಿ ನಿಂತರೆ, ಕಾರ್ಡ್ ಕೆಟ್ಟಿದೆ ಅಂತಲ್ಲ. ಆ ಬಯಾಸ್ ತನ್ನ ಪಟ್ಟಿಯಲ್ಲಿಲ್ಲದ ಕಾರ್ಡನ್ನು ಒಪ್ಪುವುದಿಲ್ಲ.

ಹೊಸ ಕಾರ್ಡೂ ಕಾಣದಿದ್ದರೆ ಸ್ಲಾಟ್ ಅಥವಾ ಮದರ್‌ಬೋರ್ಡ್ ಹೋಗಿದೆ ಅಂತ ತಿಳಿಯಿರಿ. ಬರೀ ವೈಫೈಗಾಗಿ ಬೋರ್ಡ್ ರಿಪೇರಿಗೆ ಸಾವಿರಗಟ್ಟಲೆ ಸುರಿಯುವುದು ನನ್ನ ಪ್ರಕಾರ ದಂಡ. ಒಂದು ಯುಎಸ್‌ಬಿ ವೈಫೈ ಡಾಂಗಲ್ ಸಾಕು. 5 ಗಿಗಾಹರ್ಟ್ಸ್ ಬೆಂಬಲ ಇರುವುದನ್ನೇ ನೋಡಿ ತನ್ನಿ, ತೀರಾ ಅಗ್ಗದವು 2.4ರಲ್ಲೇ ನಿಲ್ಲುತ್ತವೆ. ಕೆಲವು ಡಾಂಗಲ್‌ಗಳು ಮೊದಲ ಸಲ ಸಿಕ್ಕಿಸಿದಾಗ ಸಿಡಿ ಡ್ರೈವ್ ಆಗಿ ಕಾಣುತ್ತವೆ. ಅದರೊಳಗೇ ಡ್ರೈವರ್ ಇರುತ್ತದೆ, ಅದನ್ನು ಹಾಕಿದ ಮೇಲೆ ವೈಫೈ ಸಾಲು ಬರುತ್ತದೆ.